ಸೋತು ಶುರು ಮಾಡೋ ನಮ್ಮ ಆರ್‌ಸಿಬಿ | ಭಾಗ 3

ದೋಸ್ತರೇ, ಮೊದಲ ಮೂರ್ನಾಲ್ಕು ಮ್ಯಾಚ್ ಸೋತ್ರೆ ಸಾಕು, ಕ್ಲಾಸ್ ಗ್ರೂಪ್‌ನಾಗ "ಈ ವರ್ಷನೂ ಮುಗೀತು ಬಿಡ್ರಪ್ಪ" ಅಂತ ಶುರು. ಹಳೇ ಲೆಕ್ಕ ಏನ್ ಹೇಳ್ತೈತಿ ನೋಡ್ರಿ.

2009: ಮೊದಲ ಪಂದ್ಯ ಗೆದ್ದು, ಆಮೇಲೆ ಸತತ 4 ಸೋಲು. ಪೀಟರ್‌ಸನ್ ಹೋದ ಮೇಲೆ ಅನಿಲ್ ಕುಂಬ್ಳೆ ನಾಯಕರಾದ್ರು. ತಂಡ ಫೈನಲ್ ತನಕ ಹೋಗಿ 6 ರನ್ನಿಂದ ಸೋತಿತು.

2016: ಮೊದಲ 7ರಲ್ಲಿ ಗೆದ್ದಿದ್ದು 2. ಆದ್ರೂ ಫೈನಲ್. ಚಿನ್ನಸ್ವಾಮಿಯಲ್ಲೇ 8 ರನ್ ಸೋಲು.

2019: ಮೊದಲ 6 ಪಂದ್ಯನೂ ಸೋಲು. ಆ ಸಲ ಪವಾಡ ಆಗಲಿಲ್ಲ, ಕೊನೇ ಸ್ಥಾನ.

2024: 8ರಲ್ಲಿ 7 ಸೋಲು. ಅದರಲ್ಲಿ ಕೋಲ್ಕತ್ತಾ ವಿರುದ್ಧದ್ದು ಬರೀ 1 ರನ್ನಿಂದ! ಆಮೇಲೆ ಸತತ 6 ಗೆಲುವು. ಮೇ 18ಕ್ಕೆ ಚೆನ್ನೈನ 27 ರನ್ನಿಂದ ಸೋಲಿಸಿ, ರನ್‌ರೇಟ್ ಮೇಲೆ ಪ್ಲೇಆಫ್. ಎಲಿಮಿನೇಟರ್‌ನಲ್ಲಿ ರಾಜಸ್ಥಾನ ಮನೆಗೆ ಕಳಿಸಿತು.

ಅಂದ್ರೆ ನಿಧಾನ ಶುರುವಾದ್ರೆ ಎಲ್ಲಾ ಮುಗೀತು ಅಂತಲ್ಲ. ಆದ್ರೆ ಅದು ಪುಕ್ಕಟೆನೂ ಅಲ್ಲ. ಮೊದಲು ಕಳಕೊಂಡಿದ್ದನ್ನ ಆಮೇಲೆ ಪ್ರತಿ ಮ್ಯಾಚಲ್ಲೂ ತೀರಿಸ್ಬೇಕು.

2025ರಲ್ಲಿ ಮೊದಲ ಪಂದ್ಯನೇ ಕೋಲ್ಕತ್ತಾದಲ್ಲಿ ಗೆದ್ವಿ. ಜೂನ್ 3ಕ್ಕೆ ಕಪ್ ಬಂತು, ಅದೂ 6 ರನ್ನಿಂದಾನೇ.

ಅದಕ್ಕೇ ನಾನು ಈಗ ಸೋತ ದಿನ ಬೈಯೋದೂ ಬಿಟ್ಟೀನಿ, "ಕೊನೇಗೆ ನೋಡ್ಕೊಳ್ಳೋಣ" ಅನ್ನೋದೂ ಬಿಟ್ಟೀನಿ. ಮೊದಲ ಮ್ಯಾಚಿನ 2 ಅಂಕಕ್ಕೂ ಕೊನೇ ಮ್ಯಾಚಿನ 2 ಅಂಕದಷ್ಟೇ ಬೆಲೆ ಐತಿ.

ನಿಮಗ ಯಾವ ವರ್ಷದ ಸೋಲು ಇನ್ನೂ ಚುಚ್ಚುತ್ತ? ಕೆಳಗ ಬರೀರಿ.