ಬಸವಕಲ್ಯಾಣ–ಹುಮನಾಬಾದ್ ಭಾಗದ ಹಿಂಗಾರಿ ಆಲೂಗಡ್ಡೆ: ಸಣ್ಣ ರೈತರ ಸವಾಲುಗಳು ಮತ್ತು ಪರಿಹಾರಗಳು



ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳಲ್ಲಿ ಆಲೂಗಡ್ಡೆಯನ್ನು ನೀರಾವರಿ ಆಶ್ರಯದಲ್ಲಿ ಹಿಂಗಾರಿನಲ್ಲಿ ಬೆಳೆಯಬಹುದು. ಒಂದೆರಡು ಎಕರೆ ಹಿಡುವಳಿಯ ರೈತರಿಗೆ ಇದು ಮೂರು ತಿಂಗಳಲ್ಲಿ ಹಣ ತರುವ ಬೆಳೆ; ಅಷ್ಟೇ ಬೇಗ ಸಾಲಕ್ಕೂ ದೂಡಬಲ್ಲ ಬೆಳೆ. ಇದರ ಲಾಭ-ನಷ್ಟ ಬಹುಮಟ್ಟಿಗೆ ನಾಟಿಗೆ ಮುನ್ನವೇ ನಿರ್ಧಾರವಾಗುತ್ತದೆ.

ಚಳಿಯ ಅವಧಿ ಕಿರಿದು

ಗಡ್ಡೆ ಕಟ್ಟಲು ರಾತ್ರಿಯ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬೇಕು. ಈ ಭಾಗದಲ್ಲಿ ಅಂತಹ ವಾತಾವರಣ ಮುಖ್ಯವಾಗಿ ನವೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ ದೊರೆಯುತ್ತದೆ. ಆದ್ದರಿಂದ ಅಕ್ಟೋಬರ್ ಎರಡನೇ ಪಕ್ಷದಿಂದ ನವೆಂಬರ್ ಮೊದಲ ವಾರದೊಳಗೆ ನಾಟಿ ಮುಗಿಸುವುದು ಉತ್ತಮ. ತಡವಾದರೆ ಗಡ್ಡೆ ದಪ್ಪವಾಗುವ ಹಂತದಲ್ಲಿಯೇ ಬಿಸಿಲು ಏರಿ, ಬಳ್ಳಿ ಹುಲುಸಾಗಿದ್ದರೂ ಗಡ್ಡೆ ಸಣ್ಣದಾಗಿ ಉಳಿಯುತ್ತದೆ. ಬೇಗ ಗಡ್ಡೆ ಕಟ್ಟುವ ಕುಫ್ರಿ ಪುಖರಾಜ್ ಅಥವಾ ಉಷ್ಣತೆ ತಾಳಿಕೊಳ್ಳುವ ಕುಫ್ರಿ ಸೂರ್ಯ ತಳಿಗಳನ್ನು ಪರಿಗಣಿಸಬಹುದು.

ಬಿತ್ತನೆ ಗಡ್ಡೆಯೇ ದೊಡ್ಡ ಖರ್ಚು

ನಮ್ಮಲ್ಲಿ ಕಟಾವಾದ ಗಡ್ಡೆಯನ್ನು ಬೇಸಿಗೆ ದಾಟಿಸಿ ಬಿತ್ತನೆಗೆ ಇಡುವುದು ಶೀತಲಗೃಹವಿಲ್ಲದೆ ಕಷ್ಟ. ನಂಜುರೋಗಗಳೂ ವರ್ಷದಿಂದ ವರ್ಷಕ್ಕೆ ಬೀಜದಲ್ಲಿ ಸೇರಿಕೊಳ್ಳುತ್ತವೆ. ಹೀಗಾಗಿ ಪಂಜಾಬಿನಂತಹ ಉತ್ತರದ ರಾಜ್ಯಗಳ ಬಿತ್ತನೆ ಗಡ್ಡೆಯನ್ನು ಅವಲಂಬಿಸಬೇಕಾಗುತ್ತದೆ.

60 × 20 ಸೆಂ.ಮೀ. ಅಂತರದಲ್ಲಿ ಎಕರೆಗೆ ಸುಮಾರು 33,000 ಗುಣಿಗಳಾಗುತ್ತವೆ. 40 ಗ್ರಾಂ ತೂಕದ ಇಡೀ ಗಡ್ಡೆಗಾದರೆ 13 ಕ್ವಿಂಟಲ್‌ಗೂ ಹೆಚ್ಚು, 25–30 ಗ್ರಾಂ ಹೋಳುಗಳಿಗಾದರೆ 8ರಿಂದ 10 ಕ್ವಿಂಟಲ್ ಬೇಕು. ಹೋಳು ಮಾಡುವುದಾದರೆ:

• ಪ್ರತಿ ಹೋಳಿನಲ್ಲಿ ಕನಿಷ್ಠ ಎರಡು ಕಣ್ಣುಗಳಿರಲಿ.
• ಕೊಳೆತ ಗಡ್ಡೆ ಕಂಡೊಡನೆ ತೆಗೆದುಹಾಕಿ, ಕುಡುಗೋಲನ್ನು ಸೋಂಕುನಿವಾರಕದಲ್ಲಿ ಅದ್ದಿ ಮುಂದುವರಿಯಿರಿ.
• ಹೋಳುಗಳನ್ನು ಮ್ಯಾಂಕೋಜೆಬ್ ದ್ರಾವಣದಲ್ಲಿ ಉಪಚರಿಸಿ, ನೆರಳಿನಲ್ಲಿ ಆರಿಸಿದ ನಂತರವೇ ನಾಟಿ ಮಾಡಿರಿ.

ಶೀತಲಗೃಹದಿಂದ ತಂದ ಗಡ್ಡೆಯನ್ನು ನೇರವಾಗಿ ನೆಡಬಾರದು. 8–10 ದಿನ ಗಾಳಿಯಾಡುವ, ಮಂದ ಬೆಳಕಿನ ಸ್ಥಳದಲ್ಲಿ ಹರಡಿ, ಮೊಳಕೆ ಬಂದ ಮೇಲೆ ನೆಡಬೇಕು. ನಾಲ್ಕೈದು ರೈತರು ಕೂಡಿ ಒಂದೇ ಲಾರಿಯಲ್ಲಿ ತರಿಸಿಕೊಂಡರೆ ಸಾಗಾಣಿಕೆ ವೆಚ್ಚ ಹಂಚಿಹೋಗುತ್ತದೆ.

ಹೊಲದ ಆಯ್ಕೆ

ಎರೆಮಣ್ಣಿನಲ್ಲಿ ನೀರು ನಿಂತು ಗಡ್ಡೆ ಕೊಳೆಯುತ್ತದೆ. ಒಣಗಿದಾಗ ಮಣ್ಣು ಬಿರಿದು ಗಡ್ಡೆ ಬಿಸಿಲಿಗೆ ತೆರೆದು ಹಸಿರಾಗುತ್ತದೆ. ಹಸಿರಾದ ಗಡ್ಡೆ ತಿನ್ನಲು ಯೋಗ್ಯವಲ್ಲ. ಆದಕಾರಣ ನೀರು ಬಸಿದುಹೋಗುವ ಕೆಂಪು ಮಣ್ಣಿನ ಹೊಲವನ್ನೇ ಆಯ್ದುಕೊಳ್ಳಿರಿ. 25–30 ದಿನಗಳಲ್ಲಿ ಮಣ್ಣೇರಿಸಿರಿ. ಟೊಮೆಟೊ, ಬದನೆ, ಮೆಣಸಿನಕಾಯಿ ಬೆಳೆದ ಹೊಲದಲ್ಲಿ ದುಂಡಾಣು ಸೊರಗು ರೋಗದ ಭಯವಿದೆ. ಶುಂಠಿ ಸೊರಗಿದ ಹೊಲವನ್ನೂ ಕೈಬಿಡುವುದು ಕ್ಷೇಮ. ಜೋಳದಂತಹ ಏಕದಳ ಬೆಳೆಯೊಂದಿಗೆ ಪರಿವರ್ತನೆ ಮಾಡಿರಿ.

ಮೋಡ ಕವಿದು ತೇವಾಂಶ ಹೆಚ್ಚಿದರೆ ಅಂಗಮಾರಿ ರೋಗದ ಮುಂಜಾಗ್ರತೆಯಾಗಿ ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಬೆರೆಸಿ ಸಿಂಪಡಿಸಿರಿ. ಕಟಾವಿಗೆ 8–10 ದಿನ ಮೊದಲು ನೀರು ನಿಲ್ಲಿಸಿದರೆ ಸಿಪ್ಪೆ ಗಟ್ಟಿಯಾಗುತ್ತದೆ.

ಮಾರುಕಟ್ಟೆಯ ಲೆಕ್ಕ

ಫೆಬ್ರವರಿ–ಮಾರ್ಚ್ ತಿಂಗಳುಗಳಲ್ಲಿ ಉತ್ತರ ಭಾರತದ ಮುಖ್ಯ ಫಸಲು ಹೊರಬರುವುದರಿಂದ ಬೆಲೆ ಕುಸಿಯುವ ಸಂಭವ ಹೆಚ್ಚು. ಸಕಾಲದ ನಾಟಿಯಿಂದ ಅದಕ್ಕೆ ಮೊದಲೇ ಮಾರಾಟ ಸಾಧ್ಯ. ಹುಮನಾಬಾದಿನ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 65 ಒಂದೆಡೆ ಹೈದರಾಬಾದಿಗೆ, ಇನ್ನೊಂದೆಡೆ ಸೊಲ್ಲಾಪುರಕ್ಕೆ ಸಂಪರ್ಕ ಕಲ್ಪಿಸುತ್ತದೆ. ಎರಡೂ ಕಡೆಯ ದರ ವಿಚಾರಿಸಿ, ವರ್ಗೀಕರಿಸಿದ ಗಡ್ಡೆಯನ್ನು ಒಟ್ಟಾಗಿ ಕಳುಹಿಸಿರಿ.

ನಾಟಿಗೆ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿರಿ. ಉದಾಹರಣೆಗೆ, ಎಕರೆಗೆ ಒಟ್ಟು ವೆಚ್ಚ 70,000 ರೂಪಾಯಿ, ಮಾರಲು ಯೋಗ್ಯ ಇಳುವರಿ 70 ಕ್ವಿಂಟಲ್ ಎಂದಿಟ್ಟುಕೊಂಡರೆ, ಸಾಗಾಣಿಕೆ ಮತ್ತು ಮಾರಾಟದ ಖರ್ಚು ಕಳೆದು ಕ್ವಿಂಟಲ್‌ಗೆ 1,000 ರೂಪಾಯಿ ಕೈಗೆ ಬಂದರೆ ಅಸಲು ಮಾತ್ರ. ಇಳುವರಿ 50 ಕ್ವಿಂಟಲ್‌ಗೆ ಇಳಿದರೆ ಅದೇ ಅಸಲಿಗೆ 1,400 ರೂಪಾಯಿ ಬೇಕು.

ಯಾವಾಗ ಬೇಡ?

ನವೆಂಬರ್ ಎರಡನೇ ವಾರದೊಳಗೆ ಉತ್ತಮ ಬಿತ್ತನೆ ಗಡ್ಡೆ ಕೈಸೇರದಿದ್ದರೆ, ಅಥವಾ ಬಾವಿಯ ನೀರು ಫೆಬ್ರವರಿವರೆಗೆ ಸಾಲದೆಂದು ತೋರಿದರೆ, ಆ ವರ್ಷ ಆಲೂಗಡ್ಡೆ ಬಿಟ್ಟು ಕಡಲೆ ಬಿತ್ತುವುದೇ ಜಾಣತನ. ಮೊದಲ ಬಾರಿ ಬೆಳೆಯುವವರು ಹತ್ತು ಗುಂಟೆಯಿಂದ ಆರಂಭಿಸಿರಿ. ವಿಸ್ತರಣಾ ಕಾರ್ಯಕರ್ತರು ಸೆಪ್ಟೆಂಬರ್‌ನಲ್ಲಿಯೇ ಗ್ರಾಮವಾರು ಬೀಜದ ಬೇಡಿಕೆಯನ್ನು ಪಟ್ಟಿ ಮಾಡಿ ತೋಟಗಾರಿಕೆ ಇಲಾಖೆಗೆ ತಲುಪಿಸಿದರೆ ರೈತರಿಗೆ ಸಕಾಲದಲ್ಲಿ ನೆರವಾಗುತ್ತದೆ.