ಹತ್ತಿಬಾಲದ ಕಾಡುಮೊಲ

ಸಿಲ್ವಿಲ್ಯಾಗಸ್ ಫ್ಲೋರಿಡಾನಸ್
ಗಣ: ಲ್ಯಾಗೊಮಾರ್ಫಾ, ಕುಟುಂಬ: ಲೆಪೊರಿಡೇ

ಕೆನಡಾದ ದಕ್ಷಿಣ ಅಂಚಿನಿಂದ ದಕ್ಷಿಣ ಅಮೆರಿಕದ ಉತ್ತರ ಭಾಗದವರೆಗೆ ಪೊದೆ, ಹುಲ್ಲುಗಾವಲು, ಹೊಲದ ಬದುಗಳಲ್ಲಿ ಕಾಣಸಿಗುವ ಮೊಲ. ಓಡುವಾಗ ಬಾಲದ ಬಿಳಿ ಅಡಿಭಾಗ ಬಿಡಿಸಿದ ಹತ್ತಿಯಂತೆ ತೋರುತ್ತದೆ.

ಮೊಲವನ್ನು ಇಲಿ, ಅಳಿಲುಗಳ ದಂಶಕ ಬಳಗಕ್ಕೆ ಸೇರಿಸುವುದು ಹಳೆಯ ತಪ್ಪು. ವಿಜ್ಞಾನಿಗಳೂ ಬಹುಕಾಲ ಹಾಗೇ ಮಾಡಿದ್ದರು. ಎದುರಿನ ತಲೆಬುರುಡೆಯನ್ನು ನೋಡಿ: ಮೇಲ್ದವಡೆಯ ಬಾಚಿಹಲ್ಲುಗಳ ಬೆನ್ನಿಗೇ ಇನ್ನೊಂದು ಪುಟ್ಟ ಜೋಡಿ ಅಡಗಿದೆ. ದಂಶಕಗಳಿಗೆ ಇದಿಲ್ಲ. 1912ರಲ್ಲಿ ವಿಜ್ಞಾನಿ ಜೇಮ್ಸ್ ಗಿಡ್ಲಿ ಮೊಲಗಳಿಗೆ ಪ್ರತ್ಯೇಕ ಗಣವನ್ನೇ ಕೊಟ್ಟರು.

ತಾಯಿ ನೆಲದಲ್ಲಿ ಗುಳಿ ತೋಡಿ, ಹುಲ್ಲಿನ ಜೊತೆ ತನ್ನದೇ ತುಪ್ಪಳ ಕಿತ್ತು ಹಾಸುತ್ತದೆ. ಮರಿಗಳು ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತವೆ. ಕರ್ನಾಟಕದ ಬಯಲಿನ ಕಪ್ಪು ಕತ್ತಿನ ಮೊಲವೂ ಇದೇ ಕುಟುಂಬದ್ದು. ಆದರೆ ಕುಲ ಬೇರೆ, ಲೀಪಸ್. ಅದರ ಮರಿಗಳು ಹುಟ್ಟುವಾಗಲೇ ಕಣ್ಣು ತೆರೆದಿರುತ್ತವೆ.