ವೃಷಭಾವತಿಯ ತೀರದ ವಿದ್ಯಾಸಂಶೋಧನೆ

ಶಾಸ್ತ್ರಗಳು ಅನೇಕ, ಅರಿವು ಒಂದೇ. ಭೌತವಿಜ್ಞಾನ, ಯಂತ್ರಶಿಲ್ಪ, ಅರ್ಥಶಾಸ್ತ್ರ, ಸಾಹಿತ್ಯಗಳೆಂಬ ಹೆಸರುಗಳು ಬೇರೆ ಬೇರೆಯಾದರೂ, ಪರೀಕ್ಷಿಸದೆ ಒಂದನ್ನು ಒಪ್ಪಬಾರದು, ಪರೀಕ್ಷೆಯಲ್ಲಿ ನಿಂತುದನ್ನು ಮರೆಮಾಡಬಾರದು ಎಂಬ ನಿಯಮವು ಇವೆಲ್ಲಕ್ಕೂ ಸಮಾನವಾದುದು. ಸಂಶೋಧಕನ ಕಾಯಕವೆಂದರೆ ಇದೇ. ಈ ಕಾಯಕದ ನಾನಾ ಮುಖಗಳನ್ನು ಒಂದೇ ಸೀಮೆಯಲ್ಲಿ ಕಾಣಬಯಸುವವರು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ರಾಜಾಜಿನಗರದಿಂದ ಕೆಂಗೇರಿಯವರೆಗೆ ಹಬ್ಬಿರುವ ನೆಲದ ನೂರು ವರ್ಷಗಳ ಇತಿಹಾಸವನ್ನು ನೋಡಿದರೆ ಸಾಕು.

ಈ ನೆಲವು ಬಹುಕಾಲ ಹೊಲ, ತೋಪು, ಕೆರೆಗಳ ನೆಲವಾಗಿದ್ದಿತು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದಮೂಲದಲ್ಲಿ ಹುಟ್ಟಿತೆಂದು ಜನರು ನಂಬಿ, ಆ ಕಾರಣದಿಂದಲೇ ವೃಷಭಾವತಿಯೆಂದು ಕರೆದ ಹೊಳೆಯು ಗಾಳಿ ಆಂಜನೇಯನ ಗುಡಿಯ ಮಗ್ಗುಲಲ್ಲಿ ಸಾಗಿ, ಕೆಂಗೇರಿಯನ್ನು ದಾಟಿ, ಅರ್ಕಾವತಿಯನ್ನು ಸೇರಿ, ಅದರೊಡನೆ ಕಾವೇರಿಯನ್ನು ಕೂಡುವುದು. 1949ರಲ್ಲಿ ರಾಜಾಜಿನಗರದ ಬಡಾವಣೆಗೆ ಆರಂಭವಾಯಿತು. ಅನಂತರ ವಿಜಯನಗರ, ಬಸವೇಶ್ವರನಗರಗಳು ಬೆಳೆದುವು. ಮನೆಗಳೊಡನೆ ಕಾರ್ಖಾನೆಗಳೂ, ಅವುಗಳ ಹಿಂದೆಯೇ ವಿದ್ಯಾಪೀಠಗಳೂ ಬಂದುವು.

ಇಲ್ಲಿನ ಯಂತ್ರೋದ್ಯಮದಲ್ಲಿ ಸಂಶೋಧನೆಯ ಫಲವನ್ನು ಚೆನ್ನಾಗಿ ತೋರಿಸತಕ್ಕ ದೃಷ್ಟಾಂತವು ಗಂಧದ ಎಣ್ಣೆಯದು. ಮೈಸೂರು ಸೀಮೆಯ ಶ್ರೀಗಂಧದ ಕೊರಡುಗಳು ಮೊದಲು ಯೂರೋಪಿಗೆ ಮಾರಾಟವಾಗಿ, ಅಲ್ಲಿಯೇ ಎಣ್ಣೆಯಾಗುತ್ತಿದ್ದುವು. 1914ರಲ್ಲಿ ಮಹಾಯುದ್ಧವು ಹುಟ್ಟಲು ಆ ವ್ಯಾಪಾರವು ಕೆಟ್ಟು, ಮರವು ಸಂಸ್ಥಾನದಲ್ಲಿಯೇ ರಾಶಿ ಬಿದ್ದಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ರಸಾಯನಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಎಂಬವರು ಎಣ್ಣೆಯನ್ನು ಇಲ್ಲಿಯೇ ಭಟ್ಟಿ ಇಳಿಸುವ ಕ್ರಮವನ್ನು ಪ್ರಯೋಗಗಳಿಂದ ಸಿದ್ಧಪಡಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಿಂದಲೂ ದಿವಾನ್ ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದಲೂ 1916ರಲ್ಲಿ ಎಣ್ಣೆಯ ತಯಾರಿಕೆಯು ಮೊದಲಾಯಿತು. ಸಾಬೂನಿನ ವಿದ್ಯೆಯನ್ನು ಕಲಿತು ಬರಲು ಎಸ್. ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. 1918ರ ಹೊತ್ತಿಗೆ ಸರಕಾರಿ ಸಾಬೂನಿನ ಕಾರ್ಖಾನೆಯು ನಡೆಯತೊಡಗಿತು. 1957ರಲ್ಲಿ ಅದು ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕೆ ಬಂದಿತು. ಪ್ರಯೋಗಶಾಲೆಯ ಗಾಜಿನ ಬುರುಡೆಯಲ್ಲಿ ಆರಂಭವಾದ ವಿಚಾರವು ಸಾವಿರಾರು ಮನೆಗಳ ಅನ್ನಕ್ಕೆ ದಾರಿಯಾದ ಬಗೆ ಇದು.

ಶುದ್ಧ ವಿಜ್ಞಾನದ ಪರಂಪರೆಯು ಈ ಸೀಮೆಗೆ ಸೆಂಟ್ರಲ್ ಕಾಲೇಜಿನಿಂದ ಹರಿದು ಬಂದಿತು. 1858ರಲ್ಲಿ ಪ್ರೌಢಶಾಲೆಯಾಗಿ ಹುಟ್ಟಿದ ಆ ವಿದ್ಯಾಲಯವು 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಂಗವಾಯಿತು. ಸಿ. ವಿ. ರಾಮನ್ನರು ಬೆಳಕಿನ ಚದರುವಿಕೆಯಲ್ಲಿ ತಾವು ಕಂಡ ಹೊಸ ಕಿರಣದ ವಿಷಯವಾಗಿ 1928ರ ಮಾರ್ಚಿ 16ರಂದು ಬೆಂಗಳೂರಿನಲ್ಲಿ ಭಾಷಣ ಮಾಡಿದುದು ಇಲ್ಲಿನ ವಿಜ್ಞಾನದ ಚರಿತ್ರೆಯಲ್ಲಿ ಸ್ಮರಣೀಯವಾದ ದಿನ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ ಸೆಂಟ್ರಲ್ ಕಾಲೇಜೂ, 1917ರಲ್ಲಿ ಆರಂಭವಾಗಿದ್ದ ಎಂಜಿನಿಯರಿಂಗ್ ಕಾಲೇಜೂ ಅದರ ಎರಡು ಕಂಬಗಳಾದುವು. ಊರ ನಡುವಣ ಕಟ್ಟಡಗಳು ಸಾಲದೆ ಹೋಗಲು, ಮೈಸೂರು ರಸ್ತೆಯ ಪಕ್ಕದಲ್ಲಿ, ಕೆಂಗೇರಿಗೆ ಸಮೀಪದ ವಿಶಾಲವಾದ ಭೂಮಿಯಲ್ಲಿ ಜ್ಞಾನಭಾರತಿಯು ತಲೆಯೆತ್ತಿತು. 1973ರಿಂದ ವಿಶ್ವವಿದ್ಯಾನಿಲಯವು ಅಲ್ಲಿ ನೆಲೆಗೊಂಡಿತು.

ಆ ಕಾಲದಲ್ಲಿ ಕುಲಪತಿಗಳಾಗಿದ್ದವರು ಡಾಕ್ಟರ್ ಎಚ್. ನರಸಿಂಹಯ್ಯನವರು. ಗೌರಿಬಿದನೂರು ಸೀಮೆಯ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯದ ಆಶ್ರಯದಲ್ಲಿ ಓದಿ, ಅಮೆರಿಕೆಯ ಒಹಾಯೋ ರಾಜ್ಯ ವಿಶ್ವವಿದ್ಯಾನಿಲಯದಿಂದ ಪರಮಾಣು ಬೀಜದ ಭೌತವಿಜ್ಞಾನದಲ್ಲಿ ಡಾಕ್ಟರ್ ಪದವಿಯನ್ನು ಪಡೆದವರು ಅವರು. 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರೀಕ್ಷಿಸಲು ಅವರು ಸಮಿತಿಯೊಂದನ್ನು ರಚಿಸಿದಾಗ ನಾಡಿನಲ್ಲಿ ದೊಡ್ಡ ಚರ್ಚೆಯೆದ್ದಿತು. ಶ್ರದ್ಧಾವಂತರಲ್ಲಿ ಕೆಲವರು ನೊಂದುಕೊಂಡರು, ಕೆಲವರು ಮೆಚ್ಚಿದರು. ಪ್ರಶ್ನೆಗೆ ಅಂಜುವ ನಂಬಿಕೆಯು ಗಟ್ಟಿಯಾದ ನಂಬಿಕೆಯಲ್ಲವೆಂಬುದನ್ನು ಆ ಚರ್ಚೆಯು ಎಲ್ಲರೆದುರಿಗೂ ತಂದು ನಿಲ್ಲಿಸಿತು. ಡಾಂಭಿಕ ಭಕ್ತಿಯನ್ನು ಶರಣರು ಎಂಟು ಶತಮಾನಗಳ ಹಿಂದೆಯೇ ಒರೆಗೆ ಹಚ್ಚಿದುದನ್ನು ಬಲ್ಲವರಿಗೆ ಇದು ಹೊಸದೆಂದು ತೋರಲಾರದು.

ಜ್ಞಾನಭಾರತಿಗೆ ಹೊಂದಿಕೊಂಡಂತೆಯೇ ನಾಗರಭಾವಿಯಲ್ಲಿ ಅರ್ಥಶಾಸ್ತ್ರಕ್ಕೂ ಸಮಾಜಶಾಸ್ತ್ರಕ್ಕೂ ಒಂದು ದೊಡ್ಡ ನೆಲೆಯುಂಟಾಯಿತು. ಭಾರತದ ರಾಷ್ಟ್ರೀಯ ಆದಾಯವನ್ನು ಶಾಸ್ತ್ರೀಯ ಕ್ರಮದಲ್ಲಿ ಎಣಿಸಿದವರಲ್ಲಿ ಅಗ್ರಗಣ್ಯರಾದ ಡಾಕ್ಟರ್ ವಿ. ಕೆ. ಆರ್. ವಿ. ರಾಯರು, ದಿಲ್ಲಿಯಲ್ಲಿ ಅರ್ಥಶಾಸ್ತ್ರದ ವಿದ್ಯಾಪೀಠಗಳನ್ನು ಕಟ್ಟಿದ ಮೇಲೆ, 1972ರಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಿದರು. ರೈತನ ಸಾಲ, ಬೆಳೆಯ ಬೆಲೆ, ಜನಸಂಖ್ಯೆ, ಗ್ರಾಮಪಂಚಾಯತಿ ಮುಂತಾದ ವಿಷಯಗಳು ಅಲ್ಲಿ ಸಂಶೋಧನೆಗೆ ಒಳಗಾದುವು. ಹಳ್ಳಿಯ ಮನೆಬಾಗಿಲಲ್ಲಿ ಕುಳಿತು ಕೇಳಿದ ಪ್ರಶ್ನೆಯೂ ಶಾಸ್ತ್ರಕ್ಕೆ ಆಧಾರವಾಗಬಲ್ಲದೆಂಬುದು ಆ ಸಂಸ್ಥೆಯ ಮಾರ್ಗ.

ರಾಯರ ಜೊತೆಯಲ್ಲಿ ಆ ಸಂಸ್ಥೆಯನ್ನು ಕಟ್ಟಿದವರು ಮೈಸೂರಿನವರಾದ ಎಂ. ಎನ್. ಶ್ರೀನಿವಾಸರು. ಅವರು 1948ರಲ್ಲಿ ಮೈಸೂರಿಗೆ ಸಮೀಪದ ಒಂದು ಹಳ್ಳಿಯಲ್ಲಿ ವಾಸವಾಗಿದ್ದು, ಅಲ್ಲಿನ ಉಳುಮೆ, ಜಾತಿ, ಜಗಳ, ಹಬ್ಬಗಳನ್ನೆಲ್ಲ ಬರೆದಿಟ್ಟುಕೊಂಡಿದ್ದರು. 1970ರ ಏಪ್ರಿಲ್ ತಿಂಗಳಲ್ಲಿ ಅಮೆರಿಕೆಯ ಸ್ಟಾನ್‌ಫರ್ಡಿನಲ್ಲಿ ಅವರ ಕೊಠಡಿಗೆ ಬೆಂಕಿ ಬಿದ್ದು, ವರ್ಷಾನುಗಟ್ಟಲೆ ವಿಂಗಡಿಸಿ ಸಿದ್ಧಗೊಳಿಸಿದ್ದ ಟಿಪ್ಪಣಿಗಳ ಪ್ರತಿಗಳು ಬೂದಿಯಾದುವು. ಇನ್ನೊಬ್ಬರಾಗಿದ್ದರೆ ಕೈಚೆಲ್ಲಿ ಕುಳಿತುಬಿಡುತ್ತಿದ್ದರು. ಶ್ರೀನಿವಾಸರು ನೆನಪನ್ನೇ ನೆಮ್ಮಿ ಬರೆಯಹತ್ತಿದರು. ಹಳ್ಳಿಗೆ ರಾಂಪುರವೆಂಬ ಹೆಸರನ್ನಿಟ್ಟು ಬರೆದ ಆ ಗ್ರಂಥವು 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಎಂಬ ಹೆಸರಿನಿಂದ ಹೊರಬಂದು ಲೋಕಪ್ರಸಿದ್ಧವಾಯಿತು. ಕಾಗದವು ಸುಟ್ಟರೂ, ಮನಸ್ಸಿಟ್ಟು ಕಂಡ ಕಾಣ್ಕೆಯು ಸುಡಲಿಲ್ಲ.

ಇನ್ನು ಸಾಹಿತ್ಯ ಮತ್ತು ಇತಿಹಾಸ. ಜ್ಞಾನಭಾರತಿಯ ಕನ್ನಡ ಅಧ್ಯಯನ ಕೇಂದ್ರವನ್ನು ಡಾಕ್ಟರ್ ಜಿ. ಎಸ್. ಶಿವರುದ್ರಪ್ಪನವರು ಕಟ್ಟಿ ಬೆಳೆಸಿದರು. ಕನ್ನಡ ಸಾಹಿತ್ಯದ ಸಮಗ್ರ ಚರಿತ್ರೆಯನ್ನು ಹಲವು ವಿದ್ವಾಂಸರಿಂದ ಬರೆಯಿಸಿ ಸಂಪುಟಗಳಾಗಿ ಹೊರತರುವ ಕಾರ್ಯವು ಅಲ್ಲಿ ನಡೆಯಿತು. ಅದೇ ಕೇಂದ್ರದಲ್ಲಿ ದುಡಿದ ಡಾಕ್ಟರ್ ಎಂ. ಚಿದಾನಂದಮೂರ್ತಿಗಳು ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನವರು. 1966ರಲ್ಲಿ ಪ್ರಕಟವಾದ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವು ಕಲ್ಲುಬರಹಗಳನ್ನು ರಾಜರ ವಂಶಾವಳಿಗಾಗಿ ಮಾತ್ರ ಓದದೆ, ಸಾಮಾನ್ಯ ಜನರ ಧರ್ಮ, ವಿದ್ಯಾಭ್ಯಾಸ, ಶೌರ್ಯ, ತ್ಯಾಗಗಳಿಗಾಗಿ ಓದಿತು. ಶಾಸನದ ಮಹತ್ತ್ವವೆಷ್ಟೆಂಬುದಕ್ಕೆ ಬೇಗೂರಿನ ವೀರಗಲ್ಲೊಂದೇ ಸಾಕು. ಕೆಂಪೇಗೌಡನು 1537ರಲ್ಲಿ ಕೋಟೆ ಕಟ್ಟುವುದಕ್ಕೆ ಆರುನೂರಕ್ಕೂ ಹೆಚ್ಚು ವರ್ಷಗಳ ಮೊದಲೇ ಬೆಂಗಳೂರೆಂಬ ಹೆಸರಿದ್ದಿತೆಂಬುದು, ಗಂಗರ ಕಾಲದ ಆ ಕಲ್ಲನ್ನು ಓದಿದುದರಿಂದ ಖಚಿತವಾಯಿತು. ಓದದೆ ಬಿಟ್ಟಿದ್ದರೆ ಅದು ಬರಿಯ ಕಲ್ಲು.

ಹೀಗೆ ಪ್ರತಿಯೊಂದು ಶಾಸ್ತ್ರವೂ ತನ್ನ ದಾರಿಯಲ್ಲಿ ನಡೆದಿದೆ. ಆದರೆ ಇವೆಲ್ಲವೂ ಕೂಡಿ ಉತ್ತರಿಸಬೇಕಾದ ಒಂದು ಪ್ರಶ್ನೆಯು ಇವುಗಳ ಬಾಗಿಲಲ್ಲಿಯೇ ಹರಿಯುತ್ತಿದೆ. ವೃಷಭಾವತಿಯು ನಗರವು ಬೆಳೆದಂತೆಲ್ಲ ಕೊಳಚೆಯನ್ನೂ ಕಾರ್ಖಾನೆಗಳ ಕಲ್ಮಷವನ್ನೂ ಹೊತ್ತು ಕರ್ರಗಾಯಿತು. ಅದರ ನೀರು ಬಿಡದಿಯ ಬಳಿಯ ಭೈರಮಂಗಲದ ಕೆರೆಯಲ್ಲಿ ನಿಂತು, ಅಲ್ಲಿನ ಹೊಲಗಳಿಗೆ ಹರಿಯುವುದು. ರಸಾಯನಜ್ಞರು ಆ ನೀರಿನಲ್ಲಿ ಕರಗಿದ ಲೋಹಗಳನ್ನು ಅಳೆದಿದ್ದಾರೆ. ಸಸ್ಯವಿಜ್ಞಾನಿಗಳು ಅದರಿಂದ ಬೆಳೆದ ಸೊಪ್ಪು ತರಕಾರಿಗಳನ್ನೂ, ಭೂವಿಜ್ಞಾನಿಗಳು ದಡದ ಬಾವಿಗಳನ್ನೂ ಪರೀಕ್ಷಿಸಿದ್ದಾರೆ. ರೈತನಿಗಾದ ನಷ್ಟವೆಷ್ಟೆಂದು ಎಣಿಸುವುದು ಅರ್ಥಶಾಸ್ತ್ರದ ಕೆಲಸ. ಹೊಣೆ ಯಾರದೆಂದು ನಿರ್ಣಯಿಸುವುದು ನ್ಯಾಯಶಾಸ್ತ್ರದ ಕೆಲಸ, ಅದಕ್ಕೂ ನಾಗರಭಾವಿಯಲ್ಲಿಯೇ ರಾಷ್ಟ್ರೀಯ ಕಾನೂನು ಶಾಲೆಯುಂಟು. ಹೊಳೆಯು ಹಿಂದೆ ಹೇಗಿದ್ದಿತೆಂದು ಹೇಳುವುದು ಇತಿಹಾಸದ ಕೆಲಸ. ಇಷ್ಟು ವಿದ್ಯೆಗಳು ದಡದಲ್ಲಿ ನೆಲೆಸಿದ ಮೇಲೆಯೂ ಹೊಳೆಯು ತಿಳಿಯಾಗಲಿಲ್ಲ. ಕೊರತೆಯಿರುವುದು ಅರಿವಿನಲ್ಲಿ ಅಲ್ಲ. ಅರಿತುದನ್ನು ಆಚರಣೆಗೆ ತರುವುದರಲ್ಲಿ.

ಶರಣರ ಮಾರ್ಗದಲ್ಲಿ ಅರಿವು, ಆಚಾರಗಳು ಒಂದನ್ನೊಂದು ಬಿಟ್ಟು ನಿಲ್ಲವು. ಕಾಯಕದ ಫಲವು ದಾಸೋಹವಾಗದೆ ಪೂರ್ಣವಾಗದು. ಗಂಧದ ಎಣ್ಣೆಯ ಸಂಶೋಧನೆಯು ಜನರ ಜೀವನೋಪಾಯವಾದಾಗ ಪೂರ್ಣವಾಯಿತು. ವೃಷಭಾವತಿಯ ಸಂಶೋಧನೆಯು ಅದರ ನೀರು ತಿಳಿಯಾದಂದು ಪೂರ್ಣವಾಗುವುದು. ಇದರಲ್ಲಿ ಗೃಹಸ್ಥರಾದ ಭಕ್ತರಿಗೂ ಪಾಲುಂಟು. ಅನ್ನವಸತಿಗಳನ್ನಿತ್ತು ಬಡ ಮಕ್ಕಳನ್ನು ಓದಿಸಿದ ಮಠಗಳ ಪರಂಪರೆಯಿಂದ ವಿದ್ಯಾವಂತರಾಗಿ ಹೊರಬಂದವರು ನಾಡಿನಲ್ಲಿ ಅಸಂಖ್ಯಾತರು. ಅವರು ತಾವು ಕಲಿತ ಶಾಸ್ತ್ರವನ್ನು ತಮ್ಮ ಊರಿನ ಕೆರೆಗೂ ಹೊಳೆಗೂ ಹೊಲಕ್ಕೂ ತಂದು ಸಲ್ಲಿಸಬೇಕು. ಅಟ್ಟದ ಮೇಲೆ ಹುಳು ಹಿಡಿಯುತ್ತಿರುವ ಓಲೆಗರಿಗಳಿದ್ದರೆ ಬಲ್ಲವರಿಗೆ ತೋರಿಸಬೇಕು. ಹೊಲದಲ್ಲಿ ಬಿದ್ದ ಶಾಸನವನ್ನು ಒಡೆಯದೆ ಕಾಯಬೇಕು. ಕೊಳಚೆಯನ್ನು ಹೊಳೆಗೆ ಬಿಡುವವರನ್ನು ಕಂಡಲ್ಲಿ ತಡೆಯಬೇಕು. ವೃಷಭನ ಹೆಸರನ್ನು ಹೊತ್ತ ಆ ನದಿಯು ತಿಳಿಯಾಗಿ ಹರಿದಂದು, ಅದರ ತೀರದ ವಿದ್ಯೆಗಳೆಲ್ಲವೂ ಕೂಡಿ ಸಲ್ಲಿಸಿದ ದಾಸೋಹವು ಸಾರ್ಥಕವಾಗುವುದು.